ಎಂಜಿನ್ನು ಬಿಚ್ಚುವ ಹೊತ್ತು

ಬೀಸುಕಲ್ಲಿನ ಪದಗಳನ್ನು ಕೂಡಿಸಿ ಪುಸ್ತಕ ಮಾಡಿದವರು ಬಹಳ ಮಂದಿ. ಆ ಕಲ್ಲನ್ನು ಮೂಲೆಗೆ ಸರಿಸಿದ ಗಿರಣಿ ಎಂಜಿನ್ನಿನ ಬಗ್ಗೆ ಬರೆದವರು ಕಡಿಮೆ. ಪದಗಳು ಚಂದ, ನಿಜ. ಆದರೆ ನಸುಕಿನಲ್ಲೆದ್ದು ಹತ್ತು ಮಂದಿಯ ರೊಟ್ಟಿಗೆ ಜೋಳ ಬೀಸಿದ ಕೈಗಳಿಗೆ ಎಂಜಿನ್ನಿನ ಸದ್ದೇ ಹೆಚ್ಚು ಇಂಪು ಎಂದು ನಮ್ಮವ್ವ ಹೇಳುತ್ತಿದ್ದಳು.

ಸುರಪುರ, ಶಹಾಪುರ, ಯಾದಗಿರಿ ಸೀಮೆಯ ನಮ್ಮಂಥ ಹಳ್ಳಿಗಳಲ್ಲಿ ಕರೆಂಟು ಬಂದ ಮೇಲೂ ಗಿರಣಿಗೆ ಡೀಸೆಲ್ ಎಂಜಿನ್ನೇ ಆಸರೆ, ಕರೆಂಟು ಇರುವುದಕ್ಕಿಂತ ಹೋಗುವುದೇ ಹೆಚ್ಚಾಗಿತ್ತು. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಯಂತ್ರ ಇದು. ಇಂಗ್ಲೆಂಡಿನ ಡರ್ಸ್ಲಿ ಪಟ್ಟಣದ ಲಿಸ್ಟರ್ ಕಂಪನಿ 1930ರ ಸುಮಾರಿಗೆ ಒಂದು ಸಿಲಿಂಡರಿನ ನಿಧಾನದ ಎಂಜಿನ್ನು ತಂದಿತು. ಅದಕ್ಕೆ ಎರಡು ಭಾರವಾದ ಗಾಲಿ. ಮುಂದೆ ಗುಜರಾತಿನ ರಾಜಕೋಟೆಯ ಕಾರ್ಖಾನೆಗಳು ಅದೇ ಮಾದರಿಯನ್ನು ಮಾಡಿ ದೇಶಕ್ಕೆಲ್ಲ ಹಂಚಿದವು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾಯರ ಕಿರ್ಲೋಸ್ಕರ ಮನೆತನ 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪನಿ ಕಟ್ಟಿತು.

ಅಪ್ಪ ತೀರಿಕೊಂಡ ಮೇಲೆ ಸುರಪುರದ ಬಳಿಯ ನಮ್ಮೂರಿನಲ್ಲಿ ಗಿರಣಿ ನಡೆಸಿದವಳು ಅವ್ವ. ನಮ್ಮದು ರಾಜಕೋಟೆಯ ಎಂಜಿನ್ನು. ಅದು ನಡೆದರೆ ಒಲೆ ಹೊತ್ತಬೇಕು, ನಮ್ಮ ಅಕ್ಕತಂಗಿಯರ ಶಾಲೆ ನಡೆಯಬೇಕು. ನಾನು ಆರನೆಯ ತರಗತಿಯಲ್ಲಿದ್ದಾಗ ಎಂಜಿನ್ನು ನೀಲಿ ಹೊಗೆ ಉಗುಳತೊಡಗಿತು. ಮಿಸ್ತ್ರಿ ಬಂದು ನೋಡಿ, "ರಿಂಗ್ ಸವದಾವ್ರಿ ಅಕ್ಕಾರ, ಲೈನರೂ ಹೋಗೇತಿ. ನಾಳೇನ ಬಿಚ್ಚೋಣು" ಅಂದ. ಅದು ಸುಗ್ಗಿ ಮುಗಿದ ಕಾಲ. ಹೊಸ ಬಿಳಿಜೋಳ ಮನೆಮನೆಗೆ ಬಂದಿತ್ತು, ಮದುವೆಗಳು ಸಾಲಿಗೆ ನಿಂತಿದ್ದವು. ಎಂಟು ದಿನ ಗಿರಣಿ ನಿಂತರೆ ಗಿರಾಕಿಗಳು ಪಕ್ಕದೂರಿಗೆ ನಡೆದಾರು. ನಡೆದವರು ತಿರುಗಿ ಬಂದಾರೆ?

ಅವ್ವ ಓದಿದ್ದು ಎರಡನೆಯ ಇಯತ್ತೆ. ಆದರೆ ಲೆಕ್ಕ ಬಲು ಗಟ್ಟಿ. ಯಾವ ದಿನ ಎಷ್ಟು ತಾಸು ಓಡಿತು, ಎಷ್ಟು ಆಯಿಲ್ ಹಾಕಿದೆವು ಎಂದು ನನ್ನ ಹಳೆಯ ನೋಟುಬುಕ್ಕಿನಲ್ಲಿ ನನ್ನಿಂದಲೇ ಬರೆಸಿದಳು. ನೀಲಿ ಹೊಗೆ ಅಂದರೆ ಸವೆದ ರಿಂಗಿನ ಸಂದಿಯಿಂದ ಆಯಿಲ್ ಮೇಲೇರಿ ಸುಡುತ್ತಿದೆ ಎಂದರ್ಥ. ಕಪ್ಪು ಹೊಗೆಯಾದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಗಾಳಿಯ ಜಾಳಿಗೆ ತೊಳೆದು ನಾಝಲ್ ನೋಡಿಸಿದರೆ ಅನೇಕ ಸಲ ಸರಿಹೋಗುತ್ತದೆ, ಬಿಚ್ಚುವ ಮಾತೇ ಬೇಡ. ಎಂಜಿನ್ನು ಆರಿದ್ದಾಗ ಗಾಲಿಯನ್ನು ಕೈಯಿಂದ ತಿರುವಿದರೆ ಒಂದು ಕಡೆ ತಡೆದು ಹಿಂದಕ್ಕೆ ಪುಟಿಯಬೇಕು. ಪುಟಿಯದೆ ಮೆತ್ತಗೆ ದಾಟಿದರೆ ಒಳಗಿನ ಒತ್ತಡ ಸೋರಿದೆ ಎಂದು ತಿಳಿಯಬೇಕು. ಆಗ ಸಿಲಿಂಡರಿಗೆ ಒಂದು ಚಮಚೆ ಆಯಿಲ್ ಬಿಟ್ಟು ಮತ್ತೆ ತಿರುವಿ ನೋಡುವುದು. ಬಿಗುವು ಬಂದರೆ ದೋಷ ರಿಂಗಿನದು, ಬಾರದಿದ್ದರೆ ವಾಲ್ವಿನದು. ನಮ್ಮ ಎಂಜಿನ್ನಿಗೆ ಬಿಗುವು ಬಂತು. ಮಿಸ್ತ್ರಿಯ ಮಾತು ಖರೆಯಾಯಿತು.

ರೋಗ ಗೊತ್ತಾಯಿತು, ಉಳಿದದ್ದು ಶಸ್ತ್ರಕ್ರಿಯೆಯ ಮುಹೂರ್ತ. ಅವ್ವ ಮಿಸ್ತ್ರಿಗೆ ಕೇಳಿದ್ದು ಒಂದೇ ಮಾತು: "ಒಳಗ ಬಡಿತ ಐತೇನ್ರಿ?" ಅದರಲ್ಲಿ ಎಲ್ಲವೂ ಇತ್ತು. ಸವೆದ ರಿಂಗು ಆಯಿಲ್ ಕುಡಿಯುತ್ತದೆ, ಶಕ್ತಿ ತಗ್ಗಿಸುತ್ತದೆ. ಆದರೂ ಕೆಲದಿನ ದುಡಿಯುತ್ತದೆ. ಬೇರಿಂಗು ಸವೆದು ಬಡಿತ ಶುರುವಾದರೆ ಹಾಗಲ್ಲ. ಕನೆಕ್ಟಿಂಗ್ ರಾಡು ಮುರಿದು, ಕ್ರ್ಯಾಂಕೂ ಹಾಳಾಗಿ ಸಣ್ಣ ರಿಪೇರಿಯ ಜಾಗದಲ್ಲಿ ಹೊಸ ಎಂಜಿನ್ನಿನ ಖರ್ಚು ಬರುತ್ತದೆ. ಬಡಿತ ಇರಲಿಲ್ಲ. "ಹಂಗಾರ ಹೊಗಿ ಬರಲಿ, ಆಷಾಢದಾಗ ಬಿಚ್ಚೋಣು" ಅಂದಳು. ಆಷಾಢದಲ್ಲಿ ಮದುವೆಯಿಲ್ಲ, ಊರೆಲ್ಲ ಬಿತ್ತನೆಯಲ್ಲಿ ಇರುತ್ತದೆ, ಕಣಜವೂ ಅರ್ಧ ಇಳಿದಿರುತ್ತದೆ. ಅಷ್ಟರಲ್ಲಿ ಮದುವೆಗಳ ಹಿಟ್ಟಿನಿಂದ ಲೈನರು, ಪಿಸ್ಟನ್ನಿನ ದುಡ್ಡೂ ಕೂಡುತ್ತದೆ. ಅಲ್ಲಿಯವರೆಗೆ ದಿನಾ ಆಯಿಲ್ ಕಡ್ಡಿ ನೋಡುವ ಕೆಲಸ ನನ್ನದು.

ಆಷಾಢದಲ್ಲಿ ಎಂಜಿನ್ನು ಬಿಚ್ಚಿದರು. ಗುಲಬರ್ಗಾದಿಂದ ಸಾಮಾನು ಬಂತು. ಆ ಎಂಟು ದಿನ ಓಣಿಯ ಹೆಂಗಸರು ಅಟ್ಟದಿಂದ ಬೀಸುಕಲ್ಲು ಇಳಿಸಿದರು. ಹಾಡು ಯಾರ ಬಾಯಿಂದಲೂ ಬರಲಿಲ್ಲ, ನಿಟ್ಟುಸಿರು ಬಂತು. ಎಂಜಿನ್ನು ಕೂಡಿಸಿದ ಮೇಲೂ ಅವ್ವ ಆತುರಪಡಲಿಲ್ಲ. ಹೊಸ ರಿಂಗು ಲೈನರಿಗೆ ಹೊಂದಿಕೊಳ್ಳುವವರೆಗೆ ಹಗುರವಾಗಿ ಓಡಿಸಿದಳು, ಮೊದಲ ಆಯಿಲನ್ನು ಬೇಗನೆ ಬದಲಿಸಿದಳು. "ಬಾಣಂತಿಗೆ ಭಾರ ಹೊರಸ್ತಾರೇನು?" ಎನ್ನುವುದು ಅವಳ ಮಾತು.

ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿದು ಕಾಲುವೆಗಳು ಹರಿದಂತೆ ಸುರಪುರ, ಶಹಾಪುರದ ಹೊಲಗಳಿಗೆ ಕೃಷ್ಣೆಯ ನೀರು ಬಂತು. ನೀರೆತ್ತುವ ಎಂಜಿನ್ನುಗಳಿಗೂ ಇದೇ ಪ್ರಶ್ನೆ ಎದುರಾಯಿತು: ಬೆಳೆ ನಿಂತಿರುವಾಗ ಬಿಚ್ಚುವುದೋ, ಕೊಯ್ಲಿನವರೆಗೆ ತಡೆಯುವುದೋ? ಬೆಳೆ ಒಣಗಿದರೆ ಸಾಲ ಬೆಳೆಯುತ್ತದೆ.

ಸುರಪುರದ ಚರಿತ್ರೆಯೆಂದರೆ ಮಕ್ಕಳಿಗೆ ನಾನು 1857-58ರ ರಾಜಾ ವೆಂಕಟಪ್ಪ ನಾಯಕರ ಬಂಡಾಯ ಕಲಿಸುತ್ತೇನೆ, ಟೇಲರ್ ಮಂಜಿಲ್ ತೋರಿಸುತ್ತೇನೆ. ಕಲಿಸಬೇಕಾದದ್ದೇ. ಆದರೆ ಮುರಿಯುವುದಕ್ಕೆ ಮುಂಚೆ ಬಿಚ್ಚಬೇಕು, ಅಂಜಿ ಅವಸರದಲ್ಲಿ ಬಿಚ್ಚಬಾರದು ಎಂದು ಹೊಗೆಯ ಬಣ್ಣ ನೋಡಿ ಸಂಸಾರ ಉಳಿಸಿದ ಹೆಂಗಸರ ಲೆಕ್ಕ ಯಾವ ದಫ್ತರದಲ್ಲೂ ಸಿಗುವುದಿಲ್ಲ. ಅಂಥವು ನಮ್ಮ ಮನೆಗಳ ಟ್ರಂಕಿನಲ್ಲಿ, ಎಣ್ಣೆ ಕಲೆಯ ನೋಟುಬುಕ್ಕುಗಳಲ್ಲಿ ಇವೆ. ರದ್ದಿಯವನಿಗೆ ಹಾಕುವ ಮುಂಚೆ ಒಮ್ಮೆ ತೆರೆದು ನೋಡಿರಿ.