ಇಸಿಲ: ಮೊಳಕಾಲ್ಮುರಿನ ಪಕ್ಕದಲ್ಲೇ ಇರೋ ನಮ್ಮ ಹಳೇ ಪಟ್ಟಣ

ಬಸ್ಸಲ್ಲಿ ಕೂತು ಕೇಳ್ತಿದ್ರೆ ಕಿಟಕಿ ಪಕ್ಕ ಸರ್ಕೊಳ್ಳಿ. ಇವತ್ತಿನ ಕಂತಲ್ಲಿ ಸ್ವಲ್ಪ ಊರು ಸುತ್ತೋದಿದೆ.

ಡಿಸೆಂಬರ್ ಕೊನೇ ವಾರ ಬಂದ್ರೆ ನನ್ನ ಫೋನ್ ತುಂಬ ಬೇರೆ ದೇಶದ ಹಳೇ ಊರುಗಳು. ಕಾಲೇಜಿನ ಗೆಳೆಯ ಒಬ್ಬ ರೋಮ್‌ನ ಕಲ್ಲಿನ ಬೀದೀಲಿ ನಿಂತು ಫೋಟೊ ಹಾಕ್ತಾನೆ. ಇನ್ನೊಬ್ಬಳು ವಿಯೆಟ್ನಾಂನ ಯಾವುದೋ ಹಳೇ ಬಂದರು ಪಟ್ಟಣದ ದೀಪಗಳನ್ನ ತೋರಿಸ್ತಾಳೆ. ನಾನೂ ಹೋಗೋಣ ಅಂತ ಟಿಕೆಟ್ಟು, ವೀಸಾ, ರೂಮು ಎಲ್ಲಾ ಲೆಕ್ಕ ಹಾಕಿದೆ. ಬಿ.ಕಾಂ. ಓದಿದ್ದು ಅಷ್ಟಕ್ಕಾದ್ರೂ ಉಪಯೋಗಕ್ಕೆ ಬಂತು. ಲೆಕ್ಕ ಕೂಡಿ ಬರಲಿಲ್ಲ. ಚಳ್ಳಕೆರೇಲಿ ಬಳ್ಳಾರಿ ಕಡೆ ಬಸ್ಸು ಹತ್ತಿ ಮೊಳಕಾಲ್ಮುರಿನ ದೊಡ್ಡಮ್ಮನ ಮನೆಗೆ ಹೋದೆ. ಮೂರು ದಿನ ಇದ್ದೆ. ಬೆಳಿಗ್ಗೆ ಚಳಿ ಇನ್ನೂ ಇರೋವಾಗ್ಲೇ ಅಣ್ಣನ ಬೈಕು ತಗೊಂಡು ಅಶೋಕ ಸಿದ್ದಾಪುರಕ್ಕೆ ಹೋಗೋದು, ಬಿಸಿಲೇರಿದ ಮೇಲೆ ವಾಪಸ್ ಬರೋದು.

'ಅಲ್ಲೇನೈತೋ? ಬರೀ ಕಲ್ಲು' ಅಂದ್ರು ದೊಡ್ಡಮ್ಮ. ಅವರ ಮಾತು ಸುಳ್ಳಲ್ಲ. ಅಲ್ಲಿ ಕಲ್ಲೇ ಇರೋದು. ಆದ್ರೆ ಆ ಕಲ್ಲು ಏನು ಹೇಳುತ್ತೆ ಅನ್ನೋದೇ ಇವತ್ತಿನ ಕಥೆ.

1892ರಲ್ಲಿ ಬಿ.ಎಲ್. ರೈಸ್ ಈ ಸೀಮೆಯಲ್ಲಿ ಅಶೋಕನ ಶಾಸನಗಳನ್ನ ಪತ್ತೆ ಮಾಡಿದ್ರು. ರೈಸ್ ಇಂಗ್ಲಿಷರಾದ್ರೂ ಹುಟ್ಟಿದ್ದು 1837ರಲ್ಲಿ, ನಮ್ಮ ಬೆಂಗಳೂರಲ್ಲೇ. ಸಿಕ್ಕಿದ್ದು ಒಂದಲ್ಲ, ಮೂರು ಶಾಸನ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ. ಮೂರೂ ಒಂದಕ್ಕೊಂದು ಹತ್ತಿರದಲ್ಲೇ ಇವೆ. ಊರಿನವರಿಗೆ ಈ ಬಂಡೆಗಳು ಮೊದಲೇ ಗೊತ್ತಿದ್ವು. ಬ್ರಹ್ಮಗಿರಿಯದನ್ನ 'ಅಕ್ಷರ ಗುಂಡು' ಅಂತ ಕರೀತಿದ್ರು. ಜಟಿಂಗ ರಾಮೇಶ್ವರದ್ದು 'ಬಳೆಗಾರ ಗುಂಡು', ಜಾತ್ರೇಲಿ ಬಳೆಗಾರರು ಅಂಗಡಿ ಹಾಕ್ತಿದ್ದ ಜಾಗ. ಅಕ್ಷರ ಇದೆ ಅಂತ ಎಲ್ಲರಿಗೂ ಗೊತ್ತಿತ್ತು, ಓದೋಕೆ ಬರ್ತಿರಲಿಲ್ಲ ಅಷ್ಟೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ, ಕಾಲ ಕ್ರಿಸ್ತಪೂರ್ವ 3ನೇ ಶತಮಾನ.

ಈಗ ಬ್ರಹ್ಮಗಿರಿ ಶಾಸನದ ಮೊದಲ ಸಾಲುಗಳಿಗೆ ಬರೋಣ. ನನಗೆ ರೋಮಾಂಚನ ಆಗಿದ್ದು ಇಲ್ಲೇ. ಅದು ಶುರುವಾಗೋದೇ ಒಂದು ಪತ್ರದ ಥರ. ಸುವರ್ಣಗಿರಿಯಿಂದ ಆರ್ಯಪುತ್ರ, ಅಂದ್ರೆ ರಾಜಕುಮಾರ, ಮತ್ತು ಅಲ್ಲಿನ ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಬರೀತಾರೆ. ಮೊದಲು ಆರೋಗ್ಯ ವಿಚಾರಿಸ್ತಾರೆ. ಆಮೇಲೆ ರಾಜನ ಮಾತು. ಮಹಾಮಾತ್ರ ಅಂದ್ರೆ ಈಗಿನ ಲೆಕ್ಕದಲ್ಲಿ ದೊಡ್ಡ ಅಧಿಕಾರಿ, ಡಿಸಿ ಅಂದ್ಕೊಳ್ಳಿ. ನಾವು ಮೆಸೇಜ್ ಮಾಡೋವಾಗ 'ಹೇಗಿದ್ದೀರಾ, ಆರಾಮಾ?' ಅಂತ ಕೇಳಿ ವಿಷಯಕ್ಕೆ ಬರ್ತೀವಲ್ಲ, ಹಾಗೇ.

ಇಸಿಲ. ಈ ಹೆಸರು ನೆನಪಿಟ್ಕೊಳ್ಳಿ. ಕರ್ನಾಟಕದ ನೆಲದಲ್ಲಿ ಬರಹದಲ್ಲಿ ಸಿಗೋ ಅತಿ ಹಳೇ ಊರ ಹೆಸರುಗಳಲ್ಲಿ ಇದೂ ಒಂದು. ಹಂಪಿ, ಬಾದಾಮಿ ಎಲ್ಲಾ ಇದರ ಮುಂದೆ ಚಿಕ್ಕ ಮಕ್ಕಳು. ಅಧಿಕಾರಿಗಳು ಕೂತು ಆಡಳಿತ ನಡೆಸ್ತಿದ್ದ ಪಟ್ಟಣ ಅದು. ಡಿ.ಎಲ್. ನರಸಿಂಹಾಚಾರ್ ಅವರಂಥ ವಿದ್ವಾಂಸರು 'ಇಸಿಲ' ಕನ್ನಡದ್ದೇ ಪದ, ಬಾಣ ಬಿಡು ಅನ್ನೋ ಅರ್ಥದ 'ಇಸು' ಧಾತುವಿನಿಂದ ಬಂದಿದ್ದು ಅಂತ ಅಭಿಪ್ರಾಯಪಟ್ಟಿದ್ದಾರೆ. ಅದು ನಿಜ ಆದ್ರೆ ಹಲ್ಮಿಡಿ ಶಾಸನಕ್ಕಿಂತ ಸುಮಾರು 700 ವರ್ಷ ಹಿಂದೆ, ಪ್ರಾಕೃತದ ಪತ್ರದ ನಡುವೆ ಒಂದು ಕನ್ನಡ ಪದ ಕೂತಿದೆ ಅಂತಾಯ್ತು.

ಸರಿ, ಪತ್ರದಲ್ಲಿ ರಾಜ ಏನು ಹೇಳ್ತಾನೆ? ತಾನು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲದಿಂದ ಉಪಾಸಕ, ಆದ್ರೆ ಮೊದಲ ಒಂದು ವರ್ಷ ಅಷ್ಟೇನೂ ಪ್ರಯತ್ನ ಪಡಲಿಲ್ಲ ಅಂತ ಒಪ್ಕೊಳ್ತಾನೆ. ಯೋಚನೆ ಮಾಡಿ, ಚಕ್ರವರ್ತಿ ತನ್ನ ಸೋಮಾರಿತನವನ್ನ ಬಂಡೆ ಮೇಲೆ ಕೆತ್ತಿಸ್ತಾನೆ! ಆಮೇಲೆ ಹೇಳ್ತಾನೆ, ಈ ಫಲ ದೊಡ್ಡವರಿಗೆ ಮಾತ್ರ ಅಲ್ಲ, ಪ್ರಯತ್ನ ಪಟ್ರೆ ಸಣ್ಣವರಿಗೂ ಸಿಗುತ್ತೆ ಅಂತ. ಕೊನೇಲಿ ತಂದೆ ತಾಯಿ ಮಾತು ಕೇಳಬೇಕು, ಜೀವಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವನ್ನ ಗೌರವಿಸಬೇಕು ಅಂತ. ದೊಡ್ಡಮ್ಮ ದಿನಾ ಹೇಳೋದೂ ಇದನ್ನೇ.

ಶಾಸನದಲ್ಲಿ ಒಂದು ಸಂಖ್ಯೆ ಇದೆ: 256. ರಾಜ ಪ್ರವಾಸದಲ್ಲಿ ಕಳೆದ 256 ರಾತ್ರಿಗಳು ಅಂತ ಬಹಳಷ್ಟು ವಿದ್ವಾಂಸರು ಅರ್ಥ ಮಾಡ್ತಾರೆ. ನಾವು ಐದು ದಿನ ರಜಾ ಸಿಗ್ಲಿಲ್ಲ ಅಂತ ಒದ್ದಾಡ್ತೀವಿ!

ಹೆಸರೇನೋ ಸಿಕ್ತು. ಊರು ಎಲ್ಲಿ? ಮೈಸೂರಿನ ಡಾ. ಎಂ.ಎಚ್. ಕೃಷ್ಣ 1940ರ ದಶಕದ ಶುರುವಲ್ಲಿ ಬ್ರಹ್ಮಗಿರಿಯ ಬುಡದಲ್ಲಿ ಅಗೆಸಿದ್ರು. 1947ರಲ್ಲಿ, ಸ್ವಾತಂತ್ರ್ಯ ಬಂದ ವರ್ಷವೇ, ಭಾರತೀಯ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ ಇಲ್ಲೂ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಉತ್ಖನನ ಮಾಡಿಸಿದ್ರು. ಬ್ರಹ್ಮಗಿರಿಯಲ್ಲಿ ಒಂದರ ಮೇಲೊಂದು ಮೂರು ಕಾಲದ ಬದುಕು ಸಿಕ್ತು. ಕೆಳಗೆ ಕಲ್ಲಿನ ಕೊಡಲಿಯವರು. ಅದರ ಮೇಲೆ ಕಬ್ಬಿಣ ಬಳಸ್ತಿದ್ದ, ಸತ್ತವರಿಗೆ ದೊಡ್ಡ ದೊಡ್ಡ ಚಪ್ಪಡಿ ನಿಲ್ಲಿಸಿ ಗೋರಿ ಕಟ್ತಿದ್ದ ಬೃಹತ್ ಶಿಲಾಯುಗದವರು. ಮೇಲಿನ ಪದರದಲ್ಲಿ ಶಾತವಾಹನರ ಕಾಲದ ಜನ.

ಇದರ ಕಾಲ ಗೊತ್ತು ಮಾಡಿದ್ದು ಹೇಗೆ? ಇಲ್ಲಿ ರೋಮ್ ಬರುತ್ತೆ! ವೀಲರ್ 1945ರಲ್ಲಿ ಪಾಂಡಿಚೇರಿ ಹತ್ತಿರದ ಅರಿಕಮೇಡುವಿನಲ್ಲಿ ಅಗೆದಿದ್ರು. ಅಲ್ಲಿ ಇಟಲಿಯಿಂದ ಬಂದ ಮಡಕೆ ಚೂರುಗಳಿದ್ವು. ಆ ಮಡಕೆ ಯಾವ ಕಾಲದ್ದು ಅಂತ ಯುರೋಪಿನಲ್ಲಿ ಮೊದಲೇ ಗೊತ್ತಿತ್ತು. ಅದರ ಜೊತೆಗೇ, ಒಳಭಾಗದಲ್ಲಿ ಉರುಟು ಗೀರಿನ ಸಾಲು ಇರೋ ಒಂದು ಜಾತಿಯ ತಟ್ಟೆಗಳೂ ಸಿಕ್ಕಿದ್ವು. ಅದೇ ಜಾತಿಯ ತಟ್ಟೆ ಚೂರು ಬ್ರಹ್ಮಗಿರಿಯ ಮೇಲಿನ ಪದರದಲ್ಲೂ ಸಿಕ್ತು. ಅಕೌಂಟ್ಸ್ ಭಾಷೇಲಿ ಹೇಳೋದಾದ್ರೆ, ಪುಸ್ತಕದಲ್ಲಿ ಒಂದೇ ಒಂದು ಬಿಲ್ಲಿಗೆ ತಾರೀಖು ಸಿಕ್ಕರೆ ಅದರ ಹಿಂದಿನ ಎಂಟ್ರಿಗಳೆಲ್ಲ ಅದಕ್ಕಿಂತ ಹಳೇವು ಅಂತ ಗೊತ್ತಾಗುತ್ತಲ್ಲ, ಹಾಗೆ. ಆಮೇಲೆ ರೇಡಿಯೋಕಾರ್ಬನ್ ವಿಧಾನ ಬಂದು, ದಕ್ಷಿಣದ ಕಲ್ಲಿನ ಕೊಡಲಿ ಕಾಲ ವೀಲರ್ ಅಂದಾಜಿಗಿಂತ ಇನ್ನೂ ಬಹಳ ಹಿಂದಕ್ಕೆ ಹೋಯ್ತು.

ಆ ಕೆಳಗಿನ ಪದರದಲ್ಲಿ ಮಡಕೆಯೊಳಗೆ ಮಲಗಿಸಿ ಹೂತ ಎಳೇ ಮಕ್ಕಳ ಮೂಳೆಗಳೂ ಸಿಕ್ಕಿವೆ. ಇದನ್ನ ಓದಿದ ಮೇಲೆ ಅಲ್ಲಿ ನಡೆಯೋವಾಗ ಕಾಲು ತಾನಾಗೇ ಮೆತ್ತಗಾಯ್ತು. ಬರೀ ಕಲ್ಲು ಅಂದ್ಕೊಂಡಿದ್ದು ಯಾರದೋ ಮನೆ, ಯಾರದೋ ದುಃಖ.

ಮೂರನೇ ದಿನ ಅಕ್ಷರ ಗುಂಡಿನ ಹತ್ತಿರ ಕೊನೇ ಸಾಲಿನ ಬಗ್ಗೆ ಯೋಚಿಸ್ತಾ ಕೂತಿದ್ದೆ. ಬರೆದವನು ತನ್ನ ಹೆಸರು ಹಾಕಿದ್ದಾನೆ: ಚಪಡ. ಮುಂದಿನ ಪದ 'ಲಿಪಿಕರೇಣ', ಅಂದ್ರೆ ಲಿಪಿಕಾರನಿಂದ. ಇಡೀ ಶಾಸನ ಬ್ರಾಹ್ಮಿಯಲ್ಲಿದೆ, ಎಡದಿಂದ ಬಲಕ್ಕೆ. ಈ ಒಂದೇ ಪದ ಖರೋಷ್ಠಿ ಲಿಪಿಯಲ್ಲಿದೆ, ಬಲದಿಂದ ಎಡಕ್ಕೆ. ಖರೋಷ್ಠಿ ಆಗ ಬಳಕೇಲಿದ್ದಿದ್ದು ಗಾಂಧಾರದ ಕಡೆ, ಅಂದ್ರೆ ಈಗಿನ ಪಾಕಿಸ್ತಾನದ ಪೇಶಾವರ, ತಕ್ಷಶಿಲೆ ಸೀಮೆ. ಚಪಡ ಆ ಕಡೆಯವನು, ಇಲ್ಲಾ ಅಲ್ಲಿ ಕೆಲಸ ಕಲಿತವನು ಅಂತ ವಿದ್ವಾಂಸರು ಊಹಿಸ್ತಾರೆ.

ಇಲ್ಲಿಯ ಜನಕ್ಕೆ ಆ ಲಿಪಿ ಖಂಡಿತ ಓದೋಕೆ ಬರ್ತಿರಲಿಲ್ಲ. ಮತ್ಯಾಕೆ ಬರೆದ? ನನಗನ್ನಿಸೋದು ಇಷ್ಟೆ. ಅಮೆರಿಕದಲ್ಲಿರೋ ನಮ್ಮವರು ಮನೆ ಬಾಗಿಲ ಮೇಲೆ ಕನ್ನಡದಲ್ಲಿ ಹೆಸರು ಹಾಕ್ಕೊಳ್ತಾರಲ್ಲ, ಬೀದೀಲಿ ಯಾರಿಗೂ ಓದೋಕೆ ಬರಲ್ಲ ಅಂತ ಗೊತ್ತಿದ್ರೂ. ಅಂಥದೇ ಆಸೆ. ರಾಜನ ಮಾತು ರಾಜನ ಲಿಪಿಯಲ್ಲಿ. ತನ್ನ ಕಸುಬಿನ ಹೆಸರು ಮಾತ್ರ ತನ್ನ ಲಿಪಿಯಲ್ಲಿ.

ನಾವು ಹಳೇ ಊರು ನೋಡೋಕೆ ಪರದೇಶಕ್ಕೆ ಹೋಗ್ತೀವಿ. ಹೋಗಿ, ಬೇಡ ಅನ್ನಲ್ಲ, ದುಡ್ಡಾದ್ರೆ ನಾನೂ ಹೋಗ್ತೀನಿ. ಆದ್ರೆ ಅಷ್ಟು ದೂರದ ಲಿಪಿ ಬಲ್ಲವನೊಬ್ಬ ಕೆಲಸಕ್ಕೆ ಅಂತ ಬಂದ ಊರು ನಮ್ಮದು. ಅದರ ಹೆಸರು ಮಾತ್ರ ನಮ್ಮ ಬಾಯಲ್ಲಿಲ್ಲ. ಚಳ್ಳಕೆರೇಲಿ ಹತ್ತು ಹುಡುಗರನ್ನ ಕೇಳಿದೆ, ಅಶೋಕ ಗೊತ್ತು, ಕಳಿಂಗ ಗೊತ್ತು. ಇಸಿಲ ಒಬ್ಬರಿಗೂ ಗೊತ್ತಿಲ್ಲ. ಈ ಕಂತು ಮಾಡೋವರೆಗೂ ನನಗೂ ಗೊತ್ತಿರಲಿಲ್ಲ ಅನ್ನಿ.

ಹೋಗೋದಾದ್ರೆ ಚಳಿಗಾಲದಲ್ಲೇ ಹೋಗಿ, ಬೇಸಿಗೆಯಲ್ಲಿ ಆ ಬಂಡೆಗಳ ನಡುವೆ ನಿಲ್ಲೋಕಾಗಲ್ಲ. ನೀರು ತಗೊಂಡು ಹೋಗಿ. ಗೋರಿಯ ಚಪ್ಪಡಿಗಳ ಮೇಲೆ ಹತ್ತಬೇಡಿ, ಹೆಸರು ಕೆತ್ತಬೇಡಿ. ಅಲ್ಲಿ ಹೆಸರು ಕೆತ್ತೋ ಹಕ್ಕಿದ್ದಿದ್ದು ಚಪಡನಿಗೆ ಮಾತ್ರ.

ಹೊರಡೋ ದಿನ ದೊಡ್ಡಮ್ಮನಿಗೆ ಇದೆಲ್ಲಾ ಹೇಳಿದೆ. ರೊಟ್ಟಿ ತಟ್ಟೋದು ನಿಲ್ಲಿಸಿ ಕೇಳಿದ್ರು: 'ಆ ಹುಡ್ಗ ಆಮೇಲೆ ತನ್ನೂರಿಗೆ ವಾಪಸ್ ಹೋದ್ನೇನೋ?'

ಅದನ್ನ ಬಂಡೆ ಹೇಳಲ್ಲ, ದೊಡ್ಡಮ್ಮ.