ವಚನಾಂಕಿತವೂ ಗ್ರಂಥಸ್ವಾಮ್ಯವೂ



ಕೆಲವು ವರ್ಷಗಳ ಹಿಂದೆ ನನ್ನ ಕೈಗೆ ಒಂದು ಲಗ್ನಪತ್ರಿಕೆ ಬಂದಿತು. ಪರಿಚಿತರಾದ ಸದ್ಗೃಹಸ್ಥರೊಬ್ಬರ ಮನೆಯ ಮದುವೆ. ಪತ್ರಿಕೆಯ ನೆತ್ತಿಯಲ್ಲಿ ಬಸವಣ್ಣನವರ ವಚನವೊಂದನ್ನು ಅಂದವಾಗಿ ಅಚ್ಚು ಹಾಕಿಸಿದ್ದರು. ಬಾಲ್ಯದಲ್ಲಿ ಮಠದ ಪ್ರಸಾದನಿಲಯದ ಸಾಯಂಪ್ರಾರ್ಥನೆಯಲ್ಲಿ ನಿತ್ಯವೂ ಹೇಳುತ್ತಿದ್ದ ವಚನವಾದುದರಿಂದ ಕಣ್ಣು ಓದುವ ಮೊದಲೇ ನಾಲಗೆ ನುಡಿಯಿತು. ಆದರೆ ಕೊನೆಯ ಸಾಲಿಗೆ ಬಂದಾಗ ತಡವರಿಸಿದೆ. ಕೂಡಲಸಂಗಮದೇವ ಎಂದು ಇರಬೇಕಾದಲ್ಲಿ ಆ ಮನೆತನದ ಮನೆದೇವರಾದ ವೀರಭದ್ರನ ಹೆಸರು ಇದ್ದಿತು! ಮದುವೆಯ ದಿನ ಯಜಮಾನರನ್ನು ಕಂಡು ಸಂಕೋಚದಿಂದಲೇ ವಿಚಾರಿಸಿದೆ. "ದೇವರು ಒಬ್ಬನೇ ಅಲ್ಲೇನ್ರಿ? ನಮ್ಮ ಮನಿದೇವರ ಹೆಸರು ಹಾಕಿದ್ರ ತಪ್ಪೇನಾತು?" ಎಂದು ಅವರು ನಕ್ಕರು. ಆ ಹೊತ್ತಿಗೆ ತಕ್ಕ ಉತ್ತರ ನನಗೆ ಹೊಳೆಯಲಿಲ್ಲ. ಈ ಲೇಖನವು ತಡವಾಗಿ ಹೊಳೆದ ಉತ್ತರವೆಂದು ತಿಳಿಯಬೇಕು.

ಒಬ್ಬರ ನುಡಿಯನ್ನು ಇನ್ನೊಬ್ಬರು ಎಷ್ಟರಮಟ್ಟಿಗೆ ಎತ್ತಿಕೊಳ್ಳಬಹುದು, ಬೆಳೆಸಬಹುದು, ತಿರುಗಿಸಬಹುದು? ಈ ಪ್ರಶ್ನೆಗೆ ಈಗ ಕಾನೂನು ಉತ್ತರ ಹೇಳುತ್ತದೆ. ಆ ಕಾನೂನಿನ ಮೂಲ ಮುದ್ರಣಯಂತ್ರದಲ್ಲಿದೆ. 1710ರಲ್ಲಿ ಇಂಗ್ಲೆಂಡಿನ ಆ್ಯನ್ ರಾಣಿಯ ಆಳಿಕೆಯಲ್ಲಿ ಬಂದ ಶಾಸನವು ಹೊಸ ಪುಸ್ತಕಗಳ ಮೇಲೆ ಗ್ರಂಥಕರ್ತನಿಗೆ 14 ವರ್ಷಗಳ ಹಕ್ಕು ಕೊಟ್ಟಿತು. ಆ ಅವಧಿ ಮುಗಿದಾಗ ಆತ ಬದುಕಿದ್ದರೆ ಇನ್ನೂ 14 ವರ್ಷ. ಲಂಡನ್ನಿನ ಪುಸ್ತಕ ವ್ಯಾಪಾರಿಗಳು ತಮ್ಮ ಹಕ್ಕು ಶಾಶ್ವತವೆಂದು ವಾದಿಸಿದರು. 1774ರಲ್ಲಿ ಅಲ್ಲಿಯ ಪ್ರಭುಸಭೆಯು ಆ ವಾದವನ್ನು ತಳ್ಳಿಹಾಕಿ, ಅವಧಿ ತೀರಿದ ಕೃತಿ ಸರ್ವರ ಸೊತ್ತೆಂದು ತೀರ್ಮಾನಿಸಿತು. ನಮ್ಮ ದೇಶಕ್ಕೆ ಇಂಥ ಕಾನೂನು ಮೊದಲು ಬಂದುದು 1847ರಲ್ಲಿ, ಕಂಪನಿ ಸರ್ಕಾರದ ಕಾಲದಲ್ಲಿ, ಆಮೇಲೆ 1914ರದು, ಈಗ ನಡೆಯುತ್ತಿರುವುದು ಸ್ವತಂತ್ರ ಭಾರತದ 1957ರ ಅಧಿನಿಯಮ. ಗ್ರಂಥಕರ್ತನ ಮರಣಾನಂತರ 50 ವರ್ಷವೆಂದಿದ್ದ ಅವಧಿಯು 1992ರ ತಿದ್ದುಪಡಿಯಿಂದ 60 ವರ್ಷವಾಯಿತು. ಇಷ್ಟನ್ನು ಹೇಳಿ ಈ ಭಾಗವನ್ನು ಇಲ್ಲಿಗೇ ಬಿಡುತ್ತೇನೆ. ಏಕೆಂದರೆ ನಮ್ಮ ನಾಡಿನಲ್ಲಿ ಈ ಪ್ರಶ್ನೆ ಮುದ್ರಣಯಂತ್ರಕ್ಕಿಂತ ಬಹು ಹಿಂದಿನದು. ಅದಕ್ಕೆ ನಮ್ಮವರು ಕಂಡುಕೊಂಡ ದಾರಿಯೂ ಬೇರೆ.

ಆ ದಾರಿಯ ಹೆಸರೇ ಅಂಕಿತ. ಅಲ್ಲಮಪ್ರಭುಗಳಿಗೆ ಗುಹೇಶ್ವರ, ಅಕ್ಕಮಹಾದೇವಿಯವರಿಗೆ ಚೆನ್ನಮಲ್ಲಿಕಾರ್ಜುನ, ಸಿದ್ಧರಾಮೇಶ್ವರರಿಗೆ ಕಪಿಲಸಿದ್ಧಮಲ್ಲಿಕಾರ್ಜುನ, ದೇವರ ದಾಸಿಮಯ್ಯಗಳಿಗೆ ರಾಮನಾಥ. ಇವು ನಮಗೆಲ್ಲ ಕಂಠಪಾಠವಾದವು. ಆದರೆ ಒಂದು ಸಂಗತಿಯನ್ನು ನಾವು ಗಮನಿಸುವುದು ಕಡಿಮೆ. ಅಂಬಿಗರ ಚೌಡಯ್ಯನಂಥ ಕೆಲವರನ್ನು ಬಿಟ್ಟರೆ ಶರಣರು ವಚನದ ಕೊನೆಗೆ ಇಟ್ಟುದು ತಮ್ಮ ಹೆಸರನ್ನಲ್ಲ, ತಮ್ಮ ಆರಾಧ್ಯ ದೈವದ ಹೆಸರನ್ನು. 'ಇದು ನನ್ನದು' ಎಂಬ ಮಮಕಾರ ಅಲ್ಲಿ ಇಲ್ಲ. ಆದರೂ ಆ ಹೆಸರನ್ನು ಕೇಳಿದೊಡನೆ ನುಡಿದವರು ಯಾರೆಂದು ಕೇಳುವವನಿಗೆ ಗೊತ್ತಾಗುತ್ತದೆ. ಅಹಂಕಾರವನ್ನು ಕಳೆದೂ ಹೊಣೆಯನ್ನು ಉಳಿಸಿಕೊಳ್ಳುವ ಉಪಾಯವಿದು. ಮಾತಿಗೆ ಬೆಲೆ ಕಟ್ಟುವ ಗೋಜಿಗೆ ಅವರು ಹೋಗಲಿಲ್ಲ. ಆಡಿದ ಮಾತಿಗೆ ತಾವು ಬಾಧ್ಯರೆಂಬುದನ್ನು ಮಾತ್ರ ಮರೆಯಲಿಲ್ಲ.

ಎರವಲು ತರುವುದನ್ನು ನಮ್ಮ ಕವಿಗಳು ಎಂದೂ ಕಳವೆಂದು ಭಾವಿಸಿದವರಲ್ಲ. ಕನ್ನಡ ನೆಲದಲ್ಲಿ ಬಾಳಿದ ಬಸವಣ್ಣನವರ ಚರಿತ್ರೆಯನ್ನು, ಭಕ್ತರ ಬಾಯಲ್ಲಿ ಹರಿದಾಡುತ್ತಿದ್ದ ಕಥೆಗಳನ್ನು, ಪಾಲ್ಕುರಿಕೆ ಸೋಮನಾಥನು ತೆಲುಗಿನ ದ್ವಿಪದಿಯಲ್ಲಿ ಪುರಾಣವಾಗಿ ಕಟ್ಟಿದನು. ಆ ತೆಲುಗು ಕೃತಿಯನ್ನು 1369ರಲ್ಲಿ ಭೀಮಕವಿಯು ಕನ್ನಡದ ಷಟ್ಪದಿಗೆ ಮರಳಿ ತಂದನು. ನಮ್ಮ ಬಿತ್ತವೇ ನೆರೆಹೊಲದಲ್ಲಿ ಬೆಳೆದು ಫಲವಾಗಿ ನಮ್ಮ ಕಣಕ್ಕೆ ಬಂದಂತಾಯಿತು. ಚಾಮರಸನ ಪ್ರಭುಲಿಂಗಲೀಲೆಯು ಇಲ್ಲಿಂದ ಹೊರಟು ತಮಿಳಿಗೂ ಮರಾಠಿಗೂ ಹೋಯಿತು. ಯಾರೂ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಆದರೆ ಭೀಮಕವಿ ಸೋಮನಾಥನನ್ನು ನೆನೆಯದೆ ಇರಲಿಲ್ಲ. ಪಡೆದದ್ದನ್ನು ಪಡೆದೆನೆಂದು ಹೇಳುವುದು ಅಂದಿನ ಶಿಷ್ಟಾಚಾರವಾಗಿದ್ದಿತು.

ಇನ್ನು ಶೂನ್ಯಸಂಪಾದನೆಯ ವಿಚಾರಕ್ಕೆ ಬರೋಣ. ಪ್ರಸ್ತುತ ಲೇಖನದ ಜೀವಾಳ ಇರುವುದೇ ಇಲ್ಲಿ. ಪರರ ನುಡಿಗಳನ್ನು ಎತ್ತಿ ಜೋಡಿಸಿ ಸ್ವತಂತ್ರ ಕೃತಿಯೊಂದನ್ನು ನಿರ್ಮಿಸುವ ಕಲೆಗೆ ಇದಕ್ಕಿಂತ ದೊಡ್ಡ ನಿದರ್ಶನ ಕನ್ನಡದಲ್ಲಿ ನನಗೆ ಕಾಣದು. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಚದುರಿಹೋಗಿದ್ದ ವಚನಗಳಿಂದ ಸಾವಿರಕ್ಕೂ ಮಿಕ್ಕು ವಚನಗಳನ್ನು ಆಯ್ದು, ಪ್ರಭುದೇವರನ್ನು ಕೇಂದ್ರದಲ್ಲಿರಿಸಿ, ಸಂವಾದರೂಪದಲ್ಲಿ ಹೊಂದಿಸಿದನು. ಅವನು ಮಾಡಿದ ಕಾರ್ಯವನ್ನು ಸ್ವಲ್ಪ ಯೋಚಿಸಿ ನೋಡಿರಿ. ಒಬ್ಬ ಶರಣರು ಏಕಾಂತದಲ್ಲಿ ತಮ್ಮ ದೇವನಿಗೆ ನಿವೇದಿಸಿಕೊಂಡ ವಚನವನ್ನು ಆತ ಮತ್ತೊಬ್ಬ ಶರಣರ ಪ್ರಶ್ನೆಗೆ ಉತ್ತರವಾಗಿ ನಿಲ್ಲಿಸಿದನು. ಮನಸ್ಸಿಗೆ ಹೇಳಿಕೊಂಡ ಮಾತು ಸಭೆಗೆ ಹೇಳಿದ ಮಾತಾಯಿತು. ನಡುನಡುವೆ ಪ್ರಸಂಗವನ್ನು ಸೂಚಿಸುವ ಒಂದೆರಡು ಗದ್ಯವಾಕ್ಯಗಳಷ್ಟೇ ಅವನ ಸ್ವಂತದ್ದು. ಅಕ್ಕಮಹಾದೇವಿಯವರು ಕಲ್ಯಾಣಕ್ಕೆ ಬಂದಾಗ ಪ್ರಭುಗಳು ಒಡ್ಡುವ ಕಠೋರ ಪರೀಕ್ಷೆಯನ್ನೂ ಅವರ ದಿಟ್ಟ ಪ್ರತ್ಯುತ್ತರಗಳನ್ನೂ ಓದಿ ರೋಮಾಂಚನಗೊಳ್ಳದವರು ಯಾರು? ನುಡಿಗಳು ಶರಣರವು, ಆದರೆ ಆ ಮುಖಾಮುಖಿಯ ಹೊಂದಿಕೆ ಸಂಪಾದಕನದು. (ಗಳಿಸುವುದಕ್ಕೂ ಅರಿವನ್ನು ಹೊಂದುವುದಕ್ಕೂ ಗ್ರಂಥವನ್ನು ಪರಿಷ್ಕರಿಸುವುದಕ್ಕೂ ನಮ್ಮ ಭಾಷೆಯಲ್ಲಿ ಸಂಪಾದನೆ ಎಂಬ ಒಂದೇ ಶಬ್ದ ಸಲ್ಲುವುದು ಚೆಲುವಾದ ಸಂಗತಿ.)

ಮಹಾದೇವಯ್ಯನ ಕೃತಿ ಅಲ್ಲಿಗೇ ನಿಲ್ಲಲಿಲ್ಲ. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ಮೂವರು ಒಬ್ಬರಾದ ಮೇಲೊಬ್ಬರು ಅದನ್ನು ಕೈಗೆತ್ತಿಕೊಂಡು ಪರಿಷ್ಕರಿಸಿದರು, ಹಿಗ್ಗಿಸಿದರು. ಮೊದಲ ಸಂಕಲನದಲ್ಲಿ ಇಲ್ಲದ ಸಿದ್ಧರಾಮರ ದೀಕ್ಷಾಪ್ರಸಂಗವು ಮುಂದೆ ಸೇರಿತು. ಗೂಳೂರರ ಪಾಠದಲ್ಲಿ ಗೋರಕ್ಷನ ಪ್ರಸಂಗವೂ ಬಂದಿತು. ಇಂದಿನ ಕಾನೂನಿನ ಕಣ್ಣಿನಿಂದ ನೋಡಿದರೆ ಒಬ್ಬನ ಸಂಕಲನವನ್ನು ಇನ್ನೊಬ್ಬ ಹಾಗೆಯೇ ಎತ್ತಿಕೊಂಡನೆಂದು ವ್ಯಾಜ್ಯ ಹೂಡಬಹುದಾದ ಸಂಗತಿ! ಅಂದು ಹಾಗಾಗಲಿಲ್ಲ. ಹಿಂದಿನವನ ಮೇಲೆ ಮುಂದಿನವನಿಗೆ ಭಿನ್ನಾಭಿಪ್ರಾಯವಿದ್ದರೆ ಅದನ್ನು ಇನ್ನೊಂದು ಸಂಪಾದನೆಯ ಮೂಲಕವೇ ತೋರಿಸಿದನು. ಹೀಗಾಗಿ ನಮಗೆ ಒಂದರ ಬದಲು ನಾಲ್ಕು ಶೂನ್ಯಸಂಪಾದನೆಗಳು ದೊರೆತವು.

ಈ ನಾಲ್ವರೂ ವಚನಗಳ ಅನುಕ್ರಮವನ್ನು ಬದಲಿಸಿದರು, ಸನ್ನಿವೇಶವನ್ನು ಬದಲಿಸಿದರು, ಕೆಲವೆಡೆ ಕೊಂಡಿಗಾಗಿ ಹೊಸ ನುಡಿಗಳನ್ನೇ ಹೊಸೆದಿರಬಹುದೆಂದು ವಿದ್ವಾಂಸರು ಶಂಕಿಸಿದ್ದೂ ಉಂಟು. ಆದರೆ ಸಂವಾದದಲ್ಲಿ ಮಾತನಾಡುತ್ತಿರುವವರು ಯಾರೆಂದು ಓದುಗನು ಗುರುತಿಸುವುದೇ ಅಂಕಿತದಿಂದ. ಗುಹೇಶ್ವರನೆಂದರೆ ಪ್ರಭುಗಳು, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕ. ಅದನ್ನು ಅಳಿಸಿದ್ದರೆ ಆ ಮಹಾಸಂವಾದವು ಯಾರ ಧ್ವನಿಯೂ ಇಲ್ಲದ ಗದ್ದಲವಾಗುತ್ತಿದ್ದಿತು. ಸಂಪಾದಕನು ತೆಗೆದುಕೊಂಡ ಅಪಾರ ಸ್ವಾತಂತ್ರ್ಯವು ಅಂಕಿತವೆಂಬ ಒಂದು ಕೀಲಿನ ಮೇಲೆ ನಿಂತಿದೆಯೆಂದು ನನ್ನ ಅಭಿಪ್ರಾಯ.

ಕೀಲು ಸಡಿಲಿದಲ್ಲಿ ಏನಾಯಿತೆಂಬುದಕ್ಕೂ ನಮ್ಮ ತಾಡೋಲೆಗಳೇ ಸಾಕ್ಷಿ. ಬಸವಣ್ಣನವರ ಅಂಕಿತ ಕೂಡಲಸಂಗಮದೇವ, ಚೆನ್ನಬಸವಣ್ಣನವರದು ಕೂಡಲಚೆನ್ನಸಂಗಮದೇವ. ನಡುವಿನ ಎರಡಕ್ಷರ ಲಿಪಿಕಾರನ ಕಂಟದಿಂದ ಜಾರಿದರೆ ಸೋದರಳಿಯನ ಮಾತು ಸೋದರಮಾವನದಾಗುತ್ತದೆ. ಇದು ಕೈತಪ್ಪು. ಇದಕ್ಕಿಂತ ಗಂಭೀರವಾದುದು ಶರಣರ ಅಂಕಿತಗಳಲ್ಲಿ ಪ್ರಚಾರಕ್ಕೆ ಬಂದ ಕಾಲಜ್ಞಾನದ ವಚನಗಳು. ಮುಂದೆ ನಡೆಯಲಿರುವ ಅರಸೊತ್ತಿಗೆಗಳ ಭವಿಷ್ಯವನ್ನು 12ನೆಯ ಶತಮಾನದ ಬಾಯಲ್ಲಿ ಹೇಳಿಸುವ ಈ ವಚನಗಳು ಬಹುಪಾಲು ಈಚಿನವೆಂಬುದು ವಿದ್ವಾಂಸರ ನಿರ್ಣಯ. ಪರರ ಮಾತನ್ನು ತನ್ನದೆಂದು ಹೇಳಿಕೊಳ್ಳುವುದು ಒಂದು ಬಗೆಯ ಕಳವು. ತನ್ನ ಮಾತಿಗೆ ಹಿರಿಯರ ಮುದ್ರೆ ಒತ್ತುವುದು ಅದರ ತಿರುವು. ಇದರಿಂದ ಹಿರಿಯರಿಗೆ ಆಗುವ ಹಾನಿ ಹೆಚ್ಚು. 1951ರಲ್ಲಿ ಶಿ. ಶಿ. ಬಸವನಾಳರು ಬಸವಣ್ಣನವರ ಷಟ್‌ಸ್ಥಲದ ವಚನಗಳನ್ನು ಸಂಪಾದಿಸುವಾಗ ಹಸ್ತಪ್ರತಿಗಳನ್ನು ಮುಂದಿಟ್ಟುಕೊಂಡು ಪಟ್ಟ ಶ್ರಮಕ್ಕೆ ಇಂಥ ಬೆರಕೆಯೇ ಕಾರಣ.

ವಚನಗಳು ಅಚ್ಚಿನ ಮನೆಗೆ ಬಂದ ಕಥೆ ಹೇಳುವಾಗ ಫ. ಗು. ಹಳಕಟ್ಟಿಯವರನ್ನು ಸ್ಮರಿಸದೆ ಮುಂದೆ ಹೋಗಲಾಗದು. ವಿಜಾಪುರದ ಈ ವಕೀಲರು ಮನೆಮನೆಗೆ ಅಲೆದು ಓಲೆಗರಿಗಳನ್ನು ಕೂಡಿಸಿದರು. 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಕಾನೂನು ಬಲ್ಲವರಾದರೂ ಅವರು ವಚನಗಳನ್ನು ಊರೆಲ್ಲ ಓದಲೆಂದು ಹಂಚಿದರೇ ಹೊರತು ಬೇಲಿ ಹಾಕಿಕೊಂಡು ಕೂಡಲಿಲ್ಲ. 1964ರಲ್ಲಿ ಅವರು ಲಿಂಗೈಕ್ಯರಾದರು. ಮರುವರ್ಷದ ಆರಂಭದಿಂದ 60 ವರ್ಷ ಎಣಿಸಿದರೆ, ಅವರು ಬರೆದ ಪೀಠಿಕೆಗಳೂ ಚರಿತ್ರೆಗಳೂ 2025ರ ಜನವರಿ 1ರಿಂದ ಎಲ್ಲರ ಸೊತ್ತಾಗಿವೆ. ಯಾರು ಬೇಕಾದರೂ ಅಚ್ಚು ಹಾಕಿಸಬಹುದು.

ಇಲ್ಲಿ ವಾಚಕರಿಗೆ ಒಂದು ಸಂದೇಹ ಬರಬಹುದು. ವಚನಗಳೇ ಸರ್ವರ ಸೊತ್ತಾಗಿರುವಾಗ ಅವನ್ನು ಸಂಪಾದಿಸಿದವರಿಗೆ ಹಕ್ಕೆಲ್ಲಿಯದು? ನಮ್ಮ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಈಸ್ಟರ್ನ್ ಬುಕ್ ಕಂಪನಿಯ ಮೊಕದ್ದಮೆಯಲ್ಲಿ ಇದಕ್ಕೆ ಹೋಲುವ ಪ್ರಶ್ನೆಯನ್ನು ವಿಚಾರಿಸಿತು. ನ್ಯಾಯಾಲಯದ ತೀರ್ಪುಗಳು ಯಾರ ಸ್ವತ್ತೂ ಅಲ್ಲ. ಅವುಗಳಲ್ಲಿಯ ಅಕ್ಷರದೋಷ ತಿದ್ದಿದ ಮಾತ್ರಕ್ಕೆ ಪ್ರಕಾಶಕನಿಗೆ ಹಕ್ಕು ಹುಟ್ಟದು. ಆದರೆ ವಿವೇಚನೆಯಿಂದ ಕಂಡಿಕೆಗಳನ್ನು ವಿಂಗಡಿಸಿದಂಥ ಕೆಲಸಕ್ಕೆ ರಕ್ಷಣೆಯುಂಟೆಂದು ತೀರ್ಮಾನವಾಯಿತು. ಬೆವರಿಗೆ ಹಕ್ಕಿಲ್ಲ, ವಿವೇಕಕ್ಕೆ ಹಕ್ಕುಂಟು ಎಂಬುದು ಇದರ ತಾತ್ಪರ್ಯ. ಹತ್ತು ಓಲೆಪ್ರತಿಗಳನ್ನು ತಾಳೆ ನೋಡಿ ಶುದ್ಧಪಾಠವನ್ನು ನಿರ್ಣಯಿಸುವ ಪಂಡಿತನ ಶ್ರಮವೂ ಇಂಥ ವಿವೇಕದ್ದೇ. 1993ರಲ್ಲಿ ಕರ್ನಾಟಕ ಸರ್ಕಾರವು 15 ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳಿಂದ ಪುಟಪುಟಗಳನ್ನೇ ಎತ್ತಿ, ಸಂಪಾದಕರ ಹೆಸರನ್ನು ಸೂಚಿಸದೆ ಪುಸ್ತಕ ಮಾಡುವವರು ಇದನ್ನು ನೆನೆಯುವುದು ಒಳ್ಳೆಯದು.

ಅಣಕದ ವಿಚಾರವೂ ಇಲ್ಲಿ ಸಲ್ಲುತ್ತದೆ. ಅಣಕವು ಕದ್ದುಮುಚ್ಚಿ ನಡೆಯುವಂಥದಲ್ಲ. ಯಾರನ್ನು ಅಣಕಿಸುತ್ತಿದ್ದೇನೆಂಬುದು ಕೇಳುವವನಿಗೆ ಗೊತ್ತಾಗದಿದ್ದರೆ ಅದು ಅಣಕವೇ ಆಗದು. ರಾಶಿಯವರ ಕೊರವಂಜಿ ಪತ್ರಿಕೆಯು 1942ರಿಂದ 1967ರವರೆಗೆ ಇಂಥ ವಿನೋದದಿಂದ ನಾಡನ್ನು ನಗಿಸಿತು. ನಮ್ಮ ಅಧಿನಿಯಮದಲ್ಲಿ ಅಣಕಕ್ಕೆಂದೇ ಬೇರೆ ವಿಧಿಯಿಲ್ಲ. ವಿಮರ್ಶೆಗಾಗಿ ನ್ಯಾಯವಾಗಿ ಬಳಸಿಕೊಳ್ಳಬಹುದೆಂಬ ಮಾತೇ ಅದಕ್ಕೆ ಆಸರೆ. ನೆರೆಯ ಕೇರಳದಲ್ಲಿ ಇದು ಪರೀಕ್ಷೆಗೊಳಗಾಯಿತು. ತೋಪ್ಪಿಲ್ ಭಾಸಿಯವರು 1952ರಲ್ಲಿ, 'ನೀವು ನನ್ನನ್ನು ಕಮ್ಯುನಿಸ್ಟನನ್ನಾಗಿ ಮಾಡಿದಿರಿ' ಎಂಬ ಅರ್ಥದ ಹೆಸರಿನ ಪ್ರಖ್ಯಾತ ಮಲಯಾಳಿ ನಾಟಕವನ್ನು ರಚಿಸಿದ್ದರು. ಅದರ ಪಾತ್ರಗಳನ್ನೂ ಕೆಲವು ಮಾತುಗಳನ್ನೂ ಎತ್ತಿಕೊಂಡು ಸಿವಿಕ್ ಚಂದ್ರನ್ ಎಂಬವರು 'ನೀವು ಯಾರನ್ನು ಕಮ್ಯುನಿಸ್ಟನನ್ನಾಗಿ ಮಾಡಿದಿರಿ?' ಎಂದು ಮರುಪ್ರಶ್ನೆ ಹಾಕುವ ನಾಟಕ ಬರೆದರು. ಭಾಸಿಯವರ ವಾರಸುದಾರರು ನ್ಯಾಯಾಲಯಕ್ಕೆ ಹೋದರು. ತೆಗೆದುಕೊಂಡುದು ಎಷ್ಟು, ಉದ್ದೇಶವೇನು, ಮೂಲದ ಮಾರುಕಟ್ಟೆಗೆ ಪೈಪೋಟಿಯಾಗುವುದೇ ಎಂಬುದನ್ನು ತೂಗಿ ನೋಡಿ, ಕೇರಳ ಉಚ್ಚ ನ್ಯಾಯಾಲಯವು 1996ರಲ್ಲಿ ಹೊಸ ನಾಟಕದ ಪರವಾಗಿ ನಿಂತಿತು. ಮೂಲವನ್ನು ಟೀಕಿಸಲು ಮೂಲದ ಮಾತನ್ನೇ ಎತ್ತಬೇಕಾಗುತ್ತದೆ ಎಂಬ ಸಾಮಾನ್ಯ ವಿವೇಕವಿದು. ಶರಣರ ಕೆಲವು ಕಟುವಚನಗಳ ಮರ್ಮವೂ ಇದೇ ಅಲ್ಲವೇ?

ಕೊನೆಯದಾಗಿ, ಮನಸ್ಸಿಗೆ ನೋವಾದರೂ ಹೇಳಲೇಬೇಕಾದ ಸಂಗತಿಯೊಂದಿದೆ. ಮಾತೆ ಮಹಾದೇವಿಯವರು ತಮ್ಮ 'ಬಸವ ವಚನ ದೀಪ್ತಿ'ಯಲ್ಲಿ ಕೂಡಲಸಂಗಮದೇವ ಎಂಬ ಅಂಕಿತದ ಸ್ಥಾನದಲ್ಲಿ ಲಿಂಗದೇವ ಎಂದು ಅಚ್ಚು ಹಾಕಿಸಿದರು. ಅವರಿಗೆ ತಮ್ಮದೇ ಆದ ತಾತ್ತ್ವಿಕ ಕಾರಣಗಳಿದ್ದವು. ಸಮಾಜದಲ್ಲಿ ಕ್ಷೋಭೆಯುಂಟಾಯಿತು, 1998ರಲ್ಲಿ ರಾಜ್ಯ ಸರ್ಕಾರವು ಆ ಗ್ರಂಥವನ್ನು ನಿಷೇಧಿಸಿತು, 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿಷೇಧವನ್ನು ಎತ್ತಿಹಿಡಿಯಿತು. 2019ರಲ್ಲಿ ಅವರು ಲಿಂಗೈಕ್ಯರಾದರು. ಇಲ್ಲಿ ಗಮನಾರ್ಹವಾದುದೆಂದರೆ, ಈ ಇಡೀ ವ್ಯಾಜ್ಯ ನಡೆದುದು ಜನರ ಧಾರ್ಮಿಕ ಭಾವನೆಗೆ ನೋವಾಯಿತೆಂಬ ನೆಲೆಯ ಮೇಲೆ. 1957ರ ಅಧಿನಿಯಮದ 57ನೆಯ ವಿಧಿಯು, ಹಕ್ಕನ್ನು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಮತ್ತು ತನ್ನ ಮಾನಕ್ಕೆ ಕುಂದು ತರುವಂತೆ ಅದನ್ನು ತಿರುಚದಂತೆ ತಡೆಯುವ ಅಧಿಕಾರವನ್ನು ಗ್ರಂಥಕರ್ತನಿಗೆ ಕೊಡುತ್ತದೆ. ಅಂಕಿತದ ಭಾವಕ್ಕೆ ಕಾನೂನಿನಲ್ಲಿ ಹತ್ತಿರದ ನೆಂಟನೆಂದರೆ ಈ ವಿಧಿಯೇ. ಆದರೆ 12ನೆಯ ಶತಮಾನದ ಬಸವಣ್ಣನವರ ಪರವಾಗಿ ಈ ವಿಧಿಯನ್ನು ಹಿಡಿದು ನಿಲ್ಲಬಲ್ಲ ವಾರಸುದಾರರು ಯಾರು? ಯಾರೂ ಇಲ್ಲ, ಇಲ್ಲವೇ ನಾವೆಲ್ಲರೂ. ಗ್ರಂಥವೊಂದು ನಿಷೇಧಕ್ಕೊಳಗಾಯಿತೆಂದು ಹರ್ಷಪಡುವವನು ನಾನಲ್ಲ. ಮೂಲವನ್ನು ಇದ್ದಂತೆ ಅಚ್ಚಿಸಿ, ತಮ್ಮ ಅಭಿಪ್ರಾಯವನ್ನು ಅಡಿಟಿಪ್ಪಣಿಯಲ್ಲಿ ಎಷ್ಟು ವಿಸ್ತಾರವಾಗಿ ಬೇಕಾದರೂ ಬರೆಯಬಹುದಿತ್ತು. ಓದುಗನು ಎರಡನ್ನೂ ಕಂಡು ತಾನೇ ತೂಗಿ ನೋಡುತ್ತಿದ್ದನು.

ನಾನು ಆ ಯಜಮಾನರಿಗೆ ಈ ಮಾತುಗಳನ್ನೆಲ್ಲ ಪತ್ರಮುಖೇನ ಬರೆದು ತಿಳಿಸಿದ್ದೆ. ಉತ್ತರ ಬರಲಿಲ್ಲ, ಮುನಿಸಿಕೊಂಡರೆಂದೇ ಭಾವಿಸಿದ್ದೆ. ಕಳೆದ ಮಾಘಮಾಸದಲ್ಲಿ ಅವರ ಮೊಮ್ಮಗಳ ಮದುವೆ ನಿಶ್ಚಯವಾದಾಗ, ಲಗ್ನಪತ್ರಿಕೆಯ ಕರಡನ್ನು ಹುಡುಗನೊಬ್ಬನ ಕೈಯಲ್ಲಿ ನನ್ನ ಮನೆಗೆ ಕಳಿಸಿಕೊಟ್ಟರು. ಈ ಸಲ ಅಂಕಿತ ಸರಿಯಾಗಿಯೇ ಇದ್ದಿತು: ಕೂಡಲಚೆನ್ನಸಂಗಮದೇವ. ಕೆಳಗೆ ಮಾತ್ರ 'ಬಸವಣ್ಣನವರು' ಎಂದು ಅಚ್ಚಾಗಿದ್ದಿತು. ಹಿಂದೆ 'ಚೆನ್ನ' ಎಂದು ಕೆಂಪು ಶಾಯಿಯಲ್ಲಿ ಸೇರಿಸಿ, ಅದೇ ಹುಡುಗನ ಕೈಯಲ್ಲಿ ಹಿಂದಕ್ಕೆ ಕಳುಹಿಸಿದೆ.