ಇಲಿ ಬಚಾವಾಯ್ತು, ಮಗು? ಟೈಪ್ 1 ಡಯಾಬಿಟಿಸ್ ಸಂಶೋಧನೆಗೆ ದುಡ್ಡು ಬಂದ ಕಥೆ

1/9
ಒಂದು ವಿಚಿತ್ರ ಲೆಕ್ಕದಿಂದ ಶುರು ಮಾಡೋಣ.

ಲ್ಯಾಬ್‌ನ ಇಲಿಗಳಲ್ಲಿ ಟೈಪ್ 1 ಡಯಾಬಿಟಿಸ್ ಬರದ ಹಾಗೆ ತಡೆಯೋ ದಾರಿಗಳು ನೂರಕ್ಕೂ ಹೆಚ್ಚು ಸಿಕ್ಕಿವೆ. ಮನುಷ್ಯರಿಗೆ? 2022ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಂದು ಔಷಧ. ಅದೂ ಕಾಯಿಲೆಯನ್ನ ನಿಲ್ಲಿಸಲ್ಲ, ಮುಂದಕ್ಕೆ ಹಾಕುತ್ತೆ ಅಷ್ಟೆ.

ನೂರಕ್ಕೂ ಒಂದಕ್ಕೂ ನಡುವೆ ಇಷ್ಟು ದೊಡ್ಡ ಅಂತರ ಯಾಕೆ? ಆ ಅಂತರ ತುಂಬೋಕೆ ದುಡ್ಡು ಕೊಟ್ಟೋರು ಯಾರು? ಈ ಸರಣಿ ಅದರ ಬಗ್ಗೆ.

ಮೊದಲು ಒಂದು ವಿಷಯ ಕ್ಲಿಯರ್ ಮಾಡಿಕೊಳ್ಳೋಣ. ಟೈಪ್ 1 ಸಿಹಿ ತಿಂದು ಬರೋ ಕಾಯಿಲೆ ಅಲ್ಲ. ನಮ್ಮನ್ನ ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ನಮ್ಮದೇ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳನ್ನ ಶತ್ರು ಅಂದುಕೊಂಡು ಕೊಲ್ಲುತ್ತೆ. ಇನ್ಸುಲಿನ್ ಮಾಡೋದು ಆ ಕೋಶಗಳೇ. ಅವು ಹೋದ್ರೆ ಜೀವನಪೂರ್ತಿ ಹೊರಗಿನಿಂದ ಇನ್ಸುಲಿನ್ ಬೇಕು. ಇದನ್ನೇ ಆಟೋಇಮ್ಯೂನ್ ಕಾಯಿಲೆ ಅನ್ನೋದು.

2/9
ಕಥೆ ಒಂದು ಗೆಲುವಿನಿಂದ ಶುರುವಾಗುತ್ತೆ.

1922ರ ಜನವರಿ, ಟೊರಾಂಟೊ. ಸಾಯೋ ಸ್ಥಿತಿಯಲ್ಲಿದ್ದ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಇನ್ಸುಲಿನ್ ಕೊಟ್ಟರು. ಹುಡುಗ ಬದುಕಿದ, ಆಮೇಲೆ 13 ವರ್ಷ ಬಾಳಿದ. ಪೇಟೆಂಟನ್ನು ತಲಾ ಒಂದು ಡಾಲರ್‌ಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಈ 1 ಡಾಲರ್ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಆದ್ರೆ ದೊಡ್ಡ ಗೆಲುವಿಗೆ ಒಂದು ಅಡ್ಡ ಪರಿಣಾಮ ಇರುತ್ತೆ: ಪ್ರಶ್ನೆ ಮುಗೀತು ಅನ್ನಿಸಿಬಿಡುತ್ತೆ. ಇನ್ಸುಲಿನ್ ಇದೆಯಲ್ಲ, ಇನ್ನೇನು? ಬೀಟಾ ಕೋಶ ಯಾಕೆ ಸಾಯುತ್ತೆ ಅನ್ನೋ ಪ್ರಶ್ನೆ ದಶಕಗಳ ಕಾಲ ಹಿಂದಿನ ಬೆಂಚಿನಲ್ಲೇ ಕೂತಿತ್ತು.

1965ರಲ್ಲಿ ಬೆಲ್ಜಿಯಂನ ವಿಲ್ಲಿ ಗೆಪ್ಟ್ಸ್ ಅದನ್ನು ಮುಂದಕ್ಕೆ ತಂದರು. ಕಾಯಿಲೆ ಕಾಣಿಸಿಕೊಂಡ ಸ್ವಲ್ಪ ಕಾಲದಲ್ಲೇ ತೀರಿಕೊಂಡ 22 ಎಳೆಯ ರೋಗಿಗಳ ಮೇದೋಜೀರಕವನ್ನು ಮೈಕ್ರೋಸ್ಕೋಪ್ ಕೆಳಗೆ ನೋಡಿದರು. 15 ಜನರಲ್ಲಿ ಬೀಟಾ ಕೋಶಗಳಿರೋ ಪುಟ್ಟ ದ್ವೀಪಗಳಿಗೆ ಬಿಳಿ ರಕ್ತಕಣಗಳು ನುಗ್ಗಿದ್ದವು. ದಾಳಿ ಒಳಗಿನಿಂದಲೇ ನಡೆದಿರಬೇಕು ಅನ್ನೋ ಅನುಮಾನ ಬಲವಾಯಿತು.

3/9
ಈಗ ದುಡ್ಡಿನ ಮಾತು.

1970ರಲ್ಲಿ ಅಮೆರಿಕದಲ್ಲಿ ಟೈಪ್ 1 ಇದ್ದ ಮಕ್ಕಳ ಅಪ್ಪ ಅಮ್ಮಂದಿರು ಸೇರಿ ಒಂದು ಸಂಸ್ಥೆ ಕಟ್ಟಿದರು: ಜುವೆನೈಲ್ ಡಯಾಬಿಟಿಸ್ ಫೌಂಡೇಶನ್. ಶುರು ಮಾಡಿದವರಲ್ಲಿ ಫಿಲಡೆಲ್ಫಿಯಾದ ಲೀ ಡುಕಾಟ್ ಒಬ್ಬರು, ಅವರ ಮಗನಿಗೆ ಟೈಪ್ 1 ಇತ್ತು. ಇವರು ವಿಜ್ಞಾನಿಗಳಲ್ಲ. ಆದ್ರೆ ಇವರಿಗೆ ಒಂದು ವಿಷಯ ಗೊತ್ತಿತ್ತು: ಇನ್ಸುಲಿನ್ ಬದುಕಿಸುತ್ತೆ, ಗುಣ ಮಾಡಲ್ಲ.

ಇವರು ಎರಡು ಕೆಲಸ ಮಾಡಿದರು. ಒಂದು, ತಾವೇ ದೇಣಿಗೆ ಎತ್ತಿ ಸಂಶೋಧಕರಿಗೆ ಕೊಟ್ಟರು. ಎರಡು, ಸರ್ಕಾರದ ಬಾಗಿಲು ಬಡಿದರು. 1974ರಲ್ಲಿ ಅಮೆರಿಕದ ಸಂಸತ್ತು ಡಯಾಬಿಟಿಸ್ ಸಂಶೋಧನೆ ಮತ್ತು ಶಿಕ್ಷಣಕ್ಕೆ ಅಂತಲೇ ಒಂದು ಕಾನೂನು ಮಾಡಿತು. ಆ ಕಾನೂನಿನ ಹಿಂದೆ ಈ ಮನೆಯವರ ಒತ್ತಡವೂ ಇತ್ತು.

ಸಂಶೋಧನೆಗೆ ದುಡ್ಡು ತಾನಾಗೇ ಹರಿದು ಬರಲ್ಲ. ಯಾರೋ ಹೋಗಿ ಕೇಳಬೇಕು. ಕೇಳೋದೂ ಒಂದು ಕೆಲಸಾನೇ.

4/9
ಅದೇ 1974ರಲ್ಲಿ ಪ್ರಪಂಚದ ಎರಡು ಮೂಲೆಗಳಲ್ಲಿ ಎರಡು ಆಕಸ್ಮಿಕ ನಡೆದವು.

ಕೆನಡಾದ ಒಟ್ಟಾವದಲ್ಲಿ ಬಯೋಬ್ರೀಡಿಂಗ್ ಲ್ಯಾಬೊರೇಟರೀಸ್ ಸಾಕಿದ್ದ ದೊಡ್ಡ ಇಲಿಗಳಲ್ಲಿ, ಅಂದ್ರೆ ರ‍್ಯಾಟ್‌ಗಳಲ್ಲಿ, ಕೆಲವಕ್ಕೆ ತಾನಾಗೇ ಡಯಾಬಿಟಿಸ್ ಬಂತು. ಅವುಗಳಿಗೆ ಬಿಬಿ ರ‍್ಯಾಟ್ ಅನ್ನೋ ಹೆಸರು ಬಂತು.

ಜಪಾನಿನ ಶಿಯೊನೊಗಿ ಕಂಪನಿಯ ಲ್ಯಾಬ್‌ನಲ್ಲಿ ಸುಸುಮು ಮಕಿನೊ ಚಿಕ್ಕ ಬಿಳಿ ಇಲಿಗಳ ಎರಡು ಸಾಲು ಬೆಳೆಸುತ್ತಿದ್ದರು. ಒಂದರಲ್ಲಿ ರಕ್ತದ ಸಕ್ಕರೆ ಹೆಚ್ಚು, ಇನ್ನೊಂದರಲ್ಲಿ ನಾರ್ಮಲ್. ತಮಾಷೆ ನೋಡಿ, ಟೈಪ್ 1 ಥರದ ಕಾಯಿಲೆ ಬಂದಿದ್ದು ನಾರ್ಮಲ್ ಸಾಲಿನ ಒಂದು ಹೆಣ್ಣಿಲಿಗೆ! ಅದರ ಸಂತತಿಯೇ ಎನ್‌ಒಡಿ ಇಲಿ. 1980ರಲ್ಲಿ ಮಕಿನೊ ಅದರ ಬಗ್ಗೆ ಲೋಕಕ್ಕೆ ತಿಳಿಸಿದರು. ಮುಂದಿನ ದಶಕಗಳಲ್ಲಿ ಈ ಕ್ಷೇತ್ರದ ದುಡ್ಡು, ಸಮಯ, ಪಿಎಚ್‌ಡಿಗಳಲ್ಲಿ ದೊಡ್ಡ ಪಾಲು ಈ ಇಲಿಯ ಸುತ್ತಲೇ ತಿರುಗಿತು.

ಇದೇ 'ಮಾಡೆಲ್'. ಮಗುವಿನ ಹೊಟ್ಟೆ ಕೊಯ್ದು ನೋಡೋಕಾಗಲ್ಲ, ಕಾಯಿಲೆ ಬರೋ ಮುಂಚಿನ ವರ್ಷಗಳನ್ನ ರಿವೈಂಡ್ ಮಾಡೋಕೂ ಆಗಲ್ಲ. ಅದಕ್ಕೇ ಅದೇ ಥರ ನಡೆಯೋ ಇನ್ನೊಂದು ಜೀವ ಬೇಕು. ಅಥವಾ ಒಂದು ಗಣಿತ. ಅಥವಾ ಕನಿಷ್ಠ ಒಂದು ಚಿತ್ರ.

ಚಿತ್ರ ಬಂದಿದ್ದು 1986ರಲ್ಲಿ. ಬೋಸ್ಟನ್‌ನ ಜಾರ್ಜ್ ಐಸೆನ್‌ಬಾರ್ತ್ ಒಂದು ಸರಳ ಗ್ರಾಫ್ ಬರೆದರು. ಹುಟ್ಟಿನಿಂದಲೇ ಬರೋ ಜೀನ್ ಅಪಾಯ, ಮಧ್ಯೆ ಏನೋ ಒಂದು ಕಿಡಿ, ರಕ್ತದಲ್ಲಿ ತನ್ನದೇ ಕೋಶದ ವಿರುದ್ಧ ಪ್ರತಿಕಾಯಗಳು, ನಿಧಾನವಾಗಿ ಇಳಿಯೋ ಬೀಟಾ ಕೋಶಗಳ ಗೆರೆ, ಕೊನೆಗೆ ಕಾಯಿಲೆ. ಒಂದು ಗೆರೆ ಎಲ್ಲರ ಯೋಚನೆ ಬದಲಿಸಿತು. ಕಾಯಿಲೆ ಆಸ್ಪತ್ರೆಗೆ ಬಂದ ದಿನ ಶುರುವಾಗಲ್ಲ, ವರ್ಷಗಳ ಮುಂಚೆ ಶುರುವಾಗಿರುತ್ತೆ. ಅಂದ್ರೆ ಮಧ್ಯದಲ್ಲಿ ಹಿಡಿಯಬಹುದು!

5/9
ಹಿಡಿಯೋಕೆ ಹೋದ್ರು. ಕೈಗೆ ಸಿಗಲಿಲ್ಲ.

ಎನ್‌ಒಡಿ ಇಲಿಗಳಿಗೆ ಮೊದಲೇ ಇನ್ಸುಲಿನ್ ಕೊಟ್ಟರೆ ಎಷ್ಟೋ ಇಲಿಗಳಿಗೆ ಕಾಯಿಲೆ ಬರುತ್ತಿರಲಿಲ್ಲ. ಮನುಷ್ಯರಿಗೂ ಹಾಗೇ ಆದ್ರೆ? 1990ರ ದಶಕದಲ್ಲಿ ಅಮೆರಿಕದಲ್ಲಿ ಡಿಪಿಟಿ-1 ಅನ್ನೋ ದೊಡ್ಡ ಪ್ರಯೋಗ ಶುರುವಾಯಿತು. ರೋಗಿಗಳ ಬಂಧುಗಳಲ್ಲಿ 80 ಸಾವಿರಕ್ಕೂ ಹೆಚ್ಚು ಜನ ರಕ್ತ ಕೊಟ್ಟರು. ಅಪಾಯ ಹೆಚ್ಚಿದ್ದ 339 ಜನರನ್ನು ಆರಿಸಿದರು. ಅರ್ಧದಷ್ಟು ಜನ ವರ್ಷಗಟ್ಟಲೆ ದಿನಕ್ಕೆ ಎರಡು ಸಲ ಚುಚ್ಚಿಕೊಂಡರು, ಇನ್ನೂ ಬರದ ಕಾಯಿಲೆಗೆ.

2002ರಲ್ಲಿ ಫಲಿತಾಂಶ ಬಂತು. ಏನೂ ವ್ಯತ್ಯಾಸ ಇಲ್ಲ.

ಒಂದು ನಿಮಿಷ ಆ ಮನೆಗಳನ್ನ ಯೋಚಿಸಿ. ಅಣ್ಣನಿಗೆ ಟೈಪ್ 1, ತಂಗಿಗೂ ಬರುತ್ತೇನೋ ಅಂತ ವರ್ಷಗಟ್ಟಲೆ ಸೂಜಿ. ಆಮೇಲೆ 'ಉಪಯೋಗ ಆಗಲಿಲ್ಲ' ಅನ್ನೋ ಉತ್ತರ. ಮಾಡೆಲ್ ಮತ್ತು ಮನುಷ್ಯನ ನಡುವಿನ ಅಂತರದ ಬೆಲೆ ಇಂಥ ಮನೆಗಳಲ್ಲೇ ಕಟ್ಟೋದು.

6/9
ಹಾಗಾದ್ರೆ ಇಲಿ ಸುಳ್ಳು ಹೇಳ್ತಾ? ಇಲ್ಲ. ನಾವು ಕೇಳಿದ್ದಕ್ಕಿಂತ ಜಾಸ್ತಿ ನಂಬಿದ್ವಿ.

ಎನ್‌ಒಡಿ ಇಲಿಗಳು ತಲೆತಲಾಂತರದಿಂದ ಒಡಹುಟ್ಟಿದವುಗಳ ನಡುವೆಯೇ ಹುಟ್ಟಿದವು. ಜೀನ್ ಲೆಕ್ಕದಲ್ಲಿ ಎಲ್ಲ ಹೆಚ್ಚುಕಮ್ಮಿ ಒಂದೇ ಇಲಿ. ಸಾವಿರ ಎನ್‌ಒಡಿ ಇಲಿ ಬಚಾವಾದ್ರೂ ಒಬ್ಬ ರೋಗಿ ಬಚಾವಾದ ಹಾಗೆ. ನಿಮ್ಮ ಕ್ಲಾಸ್‌ನಲ್ಲಿ ಒಬ್ಬನ ಬ್ಲಡ್ ರಿಪೋರ್ಟ್ ನೋಡಿ ಇಡೀ ಕಾಲೇಜಿಗೆ ಮಾತ್ರೆ ಬರೆದುಕೊಟ್ರೆ ಹೇಗಿರುತ್ತೆ?

ಇನ್ನೂ ಇದೆ. ಇಲಿಗಳಲ್ಲಿ ಹೆಣ್ಣಿಗೆ ಕಾಯಿಲೆ ತುಂಬಾ ಜಾಸ್ತಿ, ಮನುಷ್ಯರಲ್ಲಿ ಅಂಥ ಭೇದ ಇಲ್ಲ. ಇಲಿಯ ದ್ವೀಪಗಳ ಸುತ್ತ ಬಿಳಿ ರಕ್ತಕಣಗಳು ಜಾತ್ರೆ ಥರ ಸೇರುತ್ತವೆ. ಮನುಷ್ಯರಲ್ಲಿ ಅಲ್ಲೊಂದು ಇಲ್ಲೊಂದು ದ್ವೀಪದಲ್ಲಿ, ಕೆಲವೇ ಕಣಗಳು. ಇಲಿಯನ್ನು ಎಷ್ಟು ಸ್ವಚ್ಛವಾಗಿ ಸಾಕಿದರೆ ಅಷ್ಟು ಹೆಚ್ಚು ಕಾಯಿಲೆ, ಅಂದ್ರೆ ಸಾಕೋ ಜಾಗವೂ ಉತ್ತರ ಬದಲಿಸುತ್ತೆ.

7/9
ಸೋತ ಮೇಲೆ ದುಡ್ಡು ನಿಲ್ಲಬಹುದಿತ್ತು. ನಿಲ್ಲಲಿಲ್ಲ, ದಿಕ್ಕು ಬದಲಿಸಿತು.

1997ರಲ್ಲಿ ಅಮೆರಿಕದ ಸಂಸತ್ತು ಸ್ಪೆಷಲ್ ಡಯಾಬಿಟಿಸ್ ಪ್ರೋಗ್ರಾಂ ಅನ್ನೋ ನಿಧಿ ಮಾಡಿತ್ತು. ಮೊದಲು ಟೈಪ್ 1 ಸಂಶೋಧನೆಗೆ ವರ್ಷಕ್ಕೆ 3 ಕೋಟಿ ಡಾಲರ್, 2004ರಲ್ಲಿ ಅದು ವರ್ಷಕ್ಕೆ 15 ಕೋಟಿಗೆ ಏರಿತು. ಆದ್ರೆ ಈ ನಿಧಿ ಶಾಶ್ವತ ಅಲ್ಲ, ಆಗಾಗ ಮತ್ತೆ ಒಪ್ಪಿಗೆ ಬೇಕು. ಅದಕ್ಕೇ 1999ರಿಂದ ಎರಡು ವರ್ಷಕ್ಕೊಮ್ಮೆ ಟೈಪ್ 1 ಇರೋ ಮಕ್ಕಳೇ ವಾಷಿಂಗ್ಟನ್‌ಗೆ ಹೋಗಿ ಸಂಸದರನ್ನ ಕಂಡು ಮಾತಾಡುತ್ತಾರೆ. ಚಿಲ್ಡ್ರನ್ಸ್ ಕಾಂಗ್ರೆಸ್ ಅಂತ ಹೆಸರು. ನಿಮಗಿಂತ ಚಿಕ್ಕವರು!

ಮಾಡೆಲ್‌ಗಳೂ ಬದಲಾದವು. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ದುಡ್ಡಿನಿಂದ ಎಂಟೆಲಾಸ್ ಅನ್ನೋ ಕಂಪನಿ ಕಂಪ್ಯೂಟರ್ ಒಳಗೇ ಒಂದು ಎನ್‌ಒಡಿ ಇಲಿ ಕಟ್ಟಿತು: ಸಮೀಕರಣಗಳ ಇಲಿ. 2010ರಲ್ಲಿ ಅದರ ವಿವರ ಪ್ರಕಟವಾಯಿತು. ಒಂದು ಔಷಧವನ್ನ ಬೇಗ ಕೊಟ್ರೆ ಏನಾಗುತ್ತೆ, ತಡವಾಗಿ ಕೊಟ್ರೆ ಏನಾಗುತ್ತೆ ಅಂತ ನಿಜವಾದ ಇಲಿ ಮುಟ್ಟದೆ ಕೇಳಬಹುದು.

2007ರಲ್ಲಿ ಅದೇ ಅಪ್ಪ ಅಮ್ಮಂದಿರ ಸಂಸ್ಥೆ (ಆಗ ಅದರ ಹೆಸರು ಜೆಡಿಆರ್‌ಎಫ್) ಫ್ಲಾರಿಡಾ ವಿಶ್ವವಿದ್ಯಾಲಯದ ಮಾರ್ಕ್ ಅಟ್ಕಿನ್ಸನ್ ತಂಡಕ್ಕೆ ದುಡ್ಡು ಕೊಟ್ಟಿತು. ಎನ್‌ಪಾಡ್ ಹುಟ್ಟಿತು. ಅಂಗಾಂಗ ದಾನ ಮಾಡಿದವರ ಮೇದೋಜೀರಕವನ್ನು ಕೂಡಿಟ್ಟು ಜಗತ್ತಿನ ಸಂಶೋಧಕರಿಗೆ ಹಂಚೋ ಕೆಲಸ. 1965ರಲ್ಲಿ ಗೆಪ್ಟ್ಸ್ ಮಾಡಿದ್ದನ್ನ ಈಗ ಒಟ್ಟಾಗಿ ಮಾಡೋದು.

2014ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಎನ್‌ಐಎಚ್ ಮಾನವ ದ್ವೀಪಗಳ ಅಧ್ಯಯನಕ್ಕೇ ಒಂದು ಜಾಲ ಶುರು ಮಾಡಿತು. ಅದರ ಒಂದು ಗುಂಪಿನ ಕೆಲಸವೇ ಆಟೋಇಮ್ಯೂನ್ ದಾಳಿಯ ಮಾನವ ಮಾಡೆಲ್ ಕಟ್ಟೋದು: ಮಾನವ ಕೋಶ ಹೊತ್ತ ಇಲಿಗಳು, ಸ್ಟೆಮ್ ಸೆಲ್‌ನಿಂದ ಬೆಳೆಸಿದ ಬೀಟಾ ಕೋಶಗಳು. ಪ್ರಶ್ನೆ ಕೊನೆಗೂ ಇಲಿಯಿಂದ ಮನುಷ್ಯನ ಹತ್ತಿರ ಬಂತು.

8/9
ಹಾಗಂತ ಇಲಿಯನ್ನ ಬಯ್ಯಬೇಡಿ. ಆ ಒಂದೇ ಒಂದು ಔಷಧವೂ ಅದೇ ದಾರೀಲಿ ಬಂದಿದ್ದು.

1994ರಲ್ಲಿ ಪ್ಯಾರಿಸ್‌ನ ಲುಸಿಯೆನ್ ಶಾಟೆನೂ, ಜಾನ್-ಫ್ರಾಂಸ್ವಾ ಬಾಕ್ ತಂಡ ಆಗಲೇ ಕಾಯಿಲೆ ಬಂದಿದ್ದ ಎನ್‌ಒಡಿ ಇಲಿಗಳಿಗೆ ಬರೀ 5 ದಿನ ಸಿಡಿ3 ವಿರೋಧಿ ಪ್ರತಿಕಾಯ ಕೊಟ್ಟಿತು. ಎಷ್ಟೋ ಇಲಿಗಳಲ್ಲಿ ಕಾಯಿಲೆ ಹಿಂದೆ ಸರಿಯಿತು. ಅದೇ ಉಪಾಯದ ಮಾನವ ರೂಪ ಟೆಪ್ಲಿಜುಮ್ಯಾಬ್. 2002ರಲ್ಲಿ ಕೆವನ್ ಹೆರಾಲ್ಡ್, ಜೆಫ್ರಿ ಬ್ಲೂಸ್ಟೋನ್ ತಂಡ 24 ರೋಗಿಗಳ ಪ್ರಯೋಗ ಪ್ರಕಟಿಸಿತು: ಔಷಧ ಪಡೆದ 12 ಜನರಲ್ಲಿ 9 ಜನರ ಇನ್ಸುಲಿನ್ ತಯಾರಿಕೆ ಒಂದು ವರ್ಷ ಕುಸಿಯಲಿಲ್ಲ.

2010ರಲ್ಲಿ ದೊಡ್ಡ ಪ್ರಯೋಗ ಗುರಿ ಮುಟ್ಟಲಿಲ್ಲ. ಕಂಪನಿಗಳು ಹಿಂದೆ ಸರಿದವು. ಮಾರುಕಟ್ಟೆ ಲೆಕ್ಕದಲ್ಲಿ ಕಥೆ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯದೇ ಇದ್ದಿದ್ದು ಸಾರ್ವಜನಿಕ ದುಡ್ಡಿನಿಂದ. ಆ ಸ್ಪೆಷಲ್ ನಿಧಿಯಿಂದ ನಡೀತಿದ್ದ ಟ್ರಯಲ್‌ನೆಟ್ ಜಾಲ ಐಸೆನ್‌ಬಾರ್ತ್ ಗ್ರಾಫಿನ ಮಧ್ಯಭಾಗಕ್ಕೆ ಹೋಯಿತು: ಪ್ರತಿಕಾಯ ಇದೆ, ಕಾಯಿಲೆ ಇನ್ನೂ ಬಂದಿಲ್ಲ, ಅಂಥ 76 ಜನ. 2019ರ ಫಲಿತಾಂಶ: ಔಷಧ ಇಲ್ಲದವರಿಗೆ ಕಾಯಿಲೆ ಬರೋಕೆ ಸುಮಾರು 24 ತಿಂಗಳು, ಔಷಧ ಪಡೆದವರಿಗೆ ಸುಮಾರು 48. ಎರಡು ವರ್ಷ ಜಾಸ್ತಿ.

ಎರಡು ವರ್ಷ ಕಮ್ಮಿ ಅನ್ನಿಸುತ್ತಾ? 8ನೇ ಕ್ಲಾಸ್ ಬದಲು 10ನೇ ಕ್ಲಾಸ್ ಮುಗಿಸಿದ ಮೇಲೆ ಮೊದಲ ಸೂಜಿ. ಅಷ್ಟು ದಿನ ರಾತ್ರಿ 2 ಗಂಟೆಗೆ ಎದ್ದು ಮಗುವಿನ ಶುಗರ್ ನೋಡಬೇಕಾಗಿಲ್ಲದ ಅಮ್ಮ.

ಆ 1 ಡಾಲರ್ ನೆನಪಿದೆಯಾ? ಅಮೆರಿಕದಲ್ಲಿ ಈ ಔಷಧ ಮಾರುಕಟ್ಟೆಗೆ ಬಂದಾಗ 14 ದಿನದ ಕೋರ್ಸ್‌ಗೆ ಇಟ್ಟ ಬೆಲೆ 1,93,900 ಡಾಲರ್. ಜನರ ದೇಣಿಗೆ, ಜನರ ತೆರಿಗೆ, ಜನರದೇ ರಕ್ತ. ಬೆಲೆ ಕಟ್ಟೋವಾಗ ಮಾತ್ರ ಜನ ಟೇಬಲ್ ಹತ್ತಿರ ಇರಲಿಲ್ಲ.

9/9
ಕೊನೆಯದಾಗಿ, ಇಷ್ಟು ಹೊತ್ತು ಬಂದ ಊರುಗಳನ್ನ ಗಮನಿಸಿದ್ರಾ? ಟೊರಾಂಟೊ, ಒಟ್ಟಾವ, ಬೋಸ್ಟನ್, ಪ್ಯಾರಿಸ್, ಫ್ಲಾರಿಡಾ. ಇಲಿ ಜಪಾನಿನದು.

ಈಗ ಈ ಅಂಕಿ ನೋಡಿ. ಅಂತರರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟದ 2021ರ ಅಂದಾಜಿನಲ್ಲಿ ಟೈಪ್ 1 ಇರೋ 20 ವರ್ಷದೊಳಗಿನವರು ಅತಿ ಹೆಚ್ಚು ಇರೋ ದೇಶ ಭಾರತ: ಸುಮಾರು 2 ಲಕ್ಷ 29 ಸಾವಿರ. ನಮ್ಮಲ್ಲಿ ಕೆಲಸ ನಡೆದೇ ಇಲ್ಲ ಅಂತಲ್ಲ. 2006ರಲ್ಲಿ ಐಸಿಎಂಆರ್ ಚಿಕ್ಕ ವಯಸ್ಸಿನ ಡಯಾಬಿಟಿಸ್ ರೋಗಿಗಳ ನೋಂದಣಿ ಶುರು ಮಾಡಿತು, 2022ರಲ್ಲಿ ಟೈಪ್ 1ಗೆ ಅಂತಲೇ ಮಾರ್ಗಸೂಚಿ ತಂದಿತು. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಇನ್ಸುಲಿನ್ ಮಾರೋಕೆ ಶುರು ಮಾಡಿತು. ಬದುಕಿಸೋ ಕೆಲಸ ಇಲ್ಲೂ ಆಗ್ತಿದೆ.

ಆದ್ರೆ ಅಪಾಯ ಹೇಳೋ ಜೀನ್‌ಗಳ ಹಂಚಿಕೆ ಎಲ್ಲ ಜನರಲ್ಲೂ ಒಂದೇ ಥರ ಇರಲ್ಲ. ಒಂದೇ ಇಲಿ ನೋಡಿ ಎಲ್ಲರಿಗೂ ಉತ್ತರ ಹೇಳಿದ್ದು ತಪ್ಪು ಅಂತ ಗೊತ್ತಾಗೋಕೆ ದಶಕಗಳು ಬೇಕಾದವು. ಒಂದೇ ಭಾಗದ ಜನರನ್ನ ನೋಡಿ ಎಲ್ಲರಿಗೂ ಉತ್ತರ ಹೇಳೋದೂ ಅದೇ ತಪ್ಪಿನ ತಮ್ಮ. ನಮ್ಮ ಮಕ್ಕಳೂ ಲೆಕ್ಕದೊಳಗೆ ಬರಬೇಕು ಅಂದ್ರೆ ಅದಕ್ಕೆ ಇಲ್ಲೂ ದುಡ್ಡು ಬೇಕು. ದುಡ್ಡು ಬೇಕು ಅಂದ್ರೆ ಯಾರಾದ್ರೂ ಕೇಳಬೇಕು. 1970ರಲ್ಲಿ ಅಲ್ಲಿ ಕೇಳಿದವರು ಮನೆ ಮಂದಿ.

ಅಲ್ಲೀವರೆಗೆ ನೀವು ಎರಡು ಕೆಲಸ ಮಾಡಬಹುದು. ಗೆಳೆಯರಲ್ಲೋ ತಮ್ಮ ತಂಗಿಯರಲ್ಲೋ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣ ಇಲ್ಲದೆ ತೂಕ ಇಳಿಯೋದು, ಸುಸ್ತು ಕಂಡರೆ ತಡ ಮಾಡದೆ ಶುಗರ್ ಟೆಸ್ಟ್ ಮಾಡಿಸಿ. ಮತ್ತೆ ಕ್ಲಾಸ್‌ನಲ್ಲಿ ಯಾರಾದ್ರೂ ಇನ್ಸುಲಿನ್ ತಗೋತಿದ್ರೆ 'ಅಷ್ಟೊಂದು ಚಾಕಲೇಟ್ ತಿಂದ್ಯಾ?' ಅಂತ ಕೇಳಬೇಡಿ. 1965ರಲ್ಲೇ ಮೈಕ್ರೋಸ್ಕೋಪ್ ಬೇರೆ ಉತ್ತರ ಕೊಟ್ಟಿದೆ.

ಸೇವ್ ಮಾಡಿಟ್ಟುಕೊಳ್ಳಿ, ಬಯಾಲಜಿ ಗ್ರೂಪಿಗೆ ಕಳಿಸಿ. ಪ್ರಶ್ನೆ ಇದ್ರೆ ಕಾಮೆಂಟಲ್ಲಿ ಕೇಳಿ.

#ವಿಜ್ಞಾನದಇತಿಹಾಸ #ಟೈಪ್‌1 #ಕನ್ನಡದಲ್ಲಿವಿಜ್ಞಾನ